ಹಗುರ ಗೂಢಲಿಪಿಗಳ ಬೀಜಗಣಿತೀಯ ಪರೀಕ್ಷೆ: ಆಸ್ಕಾನ್ ಕ್ರಮಯೋಜನೆಯ ನಿದರ್ಶನ

೧. ಪೀಠಿಕೆ

ಒಳ್ಳೆಯ ಗೂಢಲಿಪಿಯನ್ನು ಭೇದಿಸುವ ಶ್ರಮವು ಅನೇಕ ಅವ್ಯಕ್ತಗಳುಳ್ಳ ಜಟಿಲವಾದ ಸಮೀಕರಣಗಳನ್ನು ಬಿಡಿಸುವ ಶ್ರಮಕ್ಕೆ ಸಮನಾಗಿರಬೇಕೆಂಬ ಆದರ್ಶವನ್ನು ಕ್ಲಾಡ್ ಶ್ಯಾನನ್ನರು ೧೯೪೯ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಮುಂದಿಟ್ಟರು. ಈ ಮಾತನ್ನು ಎರಡು ಬಗೆಯಾಗಿ ಓದಬಹುದು. ಲಿಪಿಯನ್ನು ರಚಿಸುವವನಿಗೆ ಅದು ಗುರಿ. ಭೇದಿಸುವವನಿಗೆ ಅದೇ ದಾರಿ. ಸಮೀಕರಣಗಳನ್ನು ಬರೆಯುವುದು ಸಾಧ್ಯವಾದ ಮೇಲೆ ಅವುಗಳನ್ನು ಬಿಡಿಸುವ ಉಪಾಯವನ್ನು ಹುಡುಕುವುದು ಬೀಜಗಣಿತಜ್ಞನ ಸಹಜಪ್ರವೃತ್ತಿಯಷ್ಟೆ. ಈ ಎರಡನೆಯ ಓದಿನಿಂದ ಹುಟ್ಟಿದ ಶಾಸ್ತ್ರಭಾಗಕ್ಕೆ ಬೀಜಗಣಿತೀಯ ಲಿಪಿಭೇದನವೆಂದು ಹೆಸರು.

ಈ ವಿಷಯವು ಈಗ ಕೇವಲ ಪಂಡಿತರ ಕುತೂಹಲವಾಗಿ ಉಳಿದಿಲ್ಲ. ವಿದ್ಯುತ್ ಮೀಟರು, ಕಾರಿನ ಬೀಗದ ಕೈ, ದೇಹದೊಳಗೆ ಇರಿಸುವ ವೈದ್ಯಕೀಯ ಸಾಧನ ಮೊದಲಾದ ಅಲ್ಪಶಕ್ತಿಯ ಯಂತ್ರಗಳೂ ಪರಸ್ಪರ ಸಂದೇಶಗಳನ್ನು ಕಳುಹಿಸುತ್ತಿವೆ. ಇಂಥವುಗಳಲ್ಲಿ ಸ್ಥಳ, ವಿದ್ಯುತ್ತು, ಕಾಲ ಇವು ಮೂರೂ ಮಿತ. ಆದಕಾರಣ ಇವಕ್ಕಾಗಿ ರಚಿಸಿದ ಹಗುರ ಗೂಢಲಿಪಿಗಳಲ್ಲಿ ಪ್ರತಿಯೊಂದು ಸುತ್ತಿನ ಗಣನೆಯೂ ಸರಳವಾಗಿರಬೇಕಾಗುತ್ತದೆ. ಸರಳವಾದ ಗಣನೆಗೆ ಸರಳವಾದ ಸಮೀಕರಣ. ಸರಳವಾದ ಸಮೀಕರಣವು ಭೇದಕನಿಗೆ ಅನುಕೂಲ. ಹೀಗಿರಲು, ಮಿತವ್ಯಯವನ್ನೂ ಭದ್ರತೆಯನ್ನೂ ಒಟ್ಟಿಗೆ ಸಾಧಿಸುವುದು ಹೇಗೆ? ಎಷ್ಟು ಸುತ್ತುಗಳಿದ್ದರೆ ಸಾಕು? ಈ ಲೇಖನದಲ್ಲಿ ನಾವು ಆಸ್ಕಾನ್ ಎಂಬ ಒಂದು ಲಿಪಿಯನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುತ್ತೇವೆ. ಕಾಲೇಜಿನ ಬೀಜಗಣಿತಕ್ಕಿಂತ ಹೆಚ್ಚಿನ ಪೂರ್ವಜ್ಞಾನವನ್ನು ವಾಚಕರಿಂದ ಅಪೇಕ್ಷಿಸುವುದಿಲ್ಲ.

೨. ಎರಡೇ ಅಂಕಿಗಳ ಬೀಜಗಣಿತ

ಗಣಕಯಂತ್ರದಲ್ಲಿ ಎಲ್ಲ ಮಾಹಿತಿಯೂ ೦ ಮತ್ತು ೧ ಎಂಬ ಎರಡೇ ಅಂಕಿಗಳಿಂದ, ಎಂದರೆ ಬಿಟ್‌ಗಳಿಂದ, ಆದುದೆಂಬುದು ವಿದಿತವೇ ಇದೆ. ಈ ಎರಡು ಅಂಕಿಗಳಲ್ಲಿ ಗುಣಾಕಾರವು ಎಂದಿನಂತೆಯೇ ಇರಲಿ; ಸಂಕಲನದಲ್ಲಿ ಮಾತ್ರ ೧ + ೧ = ೦ ಎಂದು ಇಟ್ಟುಕೊಳ್ಳೋಣ. ಇದರಿಂದ ಎರಡು ನಿಯಮಗಳು ಒಡನೆಯೇ ಹೊರಡುತ್ತವೆ. ಮೊದಲನೆಯದು, ಯಾವ ರಾಶಿಯನ್ನೇ ಆಗಲಿ ಅದಕ್ಕೇ ಕೂಡಿದರೆ ಶೂನ್ಯ ಬರುತ್ತದೆ. ಎರಡನೆಯದು, ಯಾವ ರಾಶಿಯನ್ನೇ ಆಗಲಿ ಅದರಿಂದಲೇ ಗುಣಿಸಿದರೆ ಅದೇ ರಾಶಿ ಉಳಿಯುತ್ತದೆ. ಎರಡನೆಯ ನಿಯಮದ ದೆಸೆಯಿಂದ ಬಹುಪದೋಕ್ತಿಗಳಲ್ಲಿ ವರ್ಗ, ಘನ ಮುಂತಾದವು ಕಾಣಿಸಿಕೊಳ್ಳುವುದಿಲ್ಲ. ಪ್ರತಿಯೊಂದು ಪದವೂ ಬೇರೆ ಬೇರೆ ಅಕ್ಷರಗಳ ಗುಣಲಬ್ಧವಾಗಿರುತ್ತದೆ. ಒಂದು ಪದದಲ್ಲಿರುವ ಅಕ್ಷರಗಳ ಸಂಖ್ಯೆಯೇ ಅದರ ಘಾತ. ಅತ್ಯಂತ ದೊಡ್ಡ ಪದದ ಘಾತವೇ ಬಹುಪದೋಕ್ತಿಯ ಘಾತ.

ಬಿಟ್‌ಗಳ ಮೇಲಿನ ಯಾವುದೇ ಗಣನೆಯನ್ನೂ ಇಂಥ ಬಹುಪದೋಕ್ತಿಯಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು. ಗೂಢಲಿಪಿಯೂ ಗಣನೆಯೇ ಆದ್ದರಿಂದ ಈ ಮಾತಿಗೆ ಹೊರತಲ್ಲ. ಅದರ ಪ್ರತಿಯೊಂದು ಫಲಿತಬಿಟ್ಟೂ ಕೀಲಿಯ ಬಿಟ್‌ಗಳ ಮತ್ತು ಬಹಿರಂಗವಾದ ಬಿಟ್‌ಗಳ ಒಂದು ಬಹುಪದೋಕ್ತಿ. ಆ ಬಹುಪದೋಕ್ತಿಯು ಊಹಾತೀತವಾಗಿ ದೀರ್ಘವಾಗಿರುತ್ತದೆಂಬುದೇ ಲಿಪಿಯ ರಕ್ಷಣೆ. ಸುತ್ತುಗಳು ಕಡಿಮೆಯಾದರೆ ಘಾತವೂ ಕಡಿಮೆಯಾಗಿ ಈ ರಕ್ಷಣೆ ತೆಳುವಾಗುತ್ತದೆ.

೩. ಆಸ್ಕಾನಿನ ರಚನೆ

ಕ್ರಿಸ್ಟೋಫ್ ಡೊಬ್ರೌನಿಗ್, ಮರಿಯಾ ಐಖ್ಲ್‌ಸೇಡರ್, ಫ್ಲೋರಿಯನ್ ಮೆಂಡೆಲ್, ಮಾರ್ಟಿನ್ ಶ್ಲೆಫರ್ ಎಂಬ ನಾಲ್ವರು ವಿದ್ವಾಂಸರು ರಚಿಸಿದ ಆಸ್ಕಾನ್, ೨೦೧೪ರಲ್ಲಿ ಸೀಸರ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಗೆ ಬಂದಿತು. ೨೦೧೯ರಲ್ಲಿ ಹಗುರ ಲಿಪಿಗಳ ವಿಭಾಗದಲ್ಲಿ ಅದಕ್ಕೆ ಪ್ರಥಮ ಸ್ಥಾನ ದೊರೆಯಿತು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು ಅದೇ ವರ್ಷ ೫೭ ಲಿಪಿಗಳನ್ನು ಸ್ವೀಕರಿಸಿ ಪರೀಕ್ಷೆಗೆ ತೊಡಗಿ, ೨೦೨೩ರ ಫೆಬ್ರವರಿಯಲ್ಲಿ ಆಸ್ಕಾನನ್ನು ಆರಿಸಿತು. ೨೦೨೫ರ ಆಗಸ್ಟಿನಲ್ಲಿ ಅದರ ಮಾನಕವನ್ನು ಪ್ರಕಟಿಸಿತು.

ಈ ಲಿಪಿಯ ಹೃದಯವು ೩೨೦ ಬಿಟ್‌ಗಳ ಮೇಲಿನ ಒಂದು ಕ್ರಮಯೋಜನೆ. ಎಂದರೆ, ೩೨೦ ಬಿಟ್‌ಗಳ ಪ್ರತಿಯೊಂದು ವಿನ್ಯಾಸವನ್ನೂ ಮತ್ತೊಂದು ವಿನ್ಯಾಸಕ್ಕೆ ಒಂದಕ್ಕೊಂದರಂತೆ ಒಯ್ಯುವ ನಿಯಮ. ಈ ನಿಯಮದಲ್ಲಿ ರಹಸ್ಯವೇನೂ ಇಲ್ಲ. ಅದನ್ನು ಯಾರು ಬೇಕಾದರೂ ಮುಂದಕ್ಕೂ ಹಿಂದಕ್ಕೂ ನಡೆಸಬಹುದು. ಆರಂಭದ ವಿನ್ಯಾಸದಲ್ಲಿ ಕೀಲಿಯನ್ನು ಸೇರಿಸುವುದರಿಂದ ಮಾತ್ರವೇ ರಹಸ್ಯವು ಒಳಹೊಗುತ್ತದೆ.

ಆ ೩೨೦ ಬಿಟ್‌ಗಳನ್ನು ಐದು ಅಡ್ಡಸಾಲುಗಳಲ್ಲಿ, ಸಾಲಿಗೆ ೬೪ರಂತೆ, ಬರೆದಿದೆಯೆಂದು ಭಾವಿಸೋಣ. ಸಾಲುಗಳನ್ನು ಸ೦, ಸ೧, ಸ೨, ಸ೩, ಸ೪ ಎಂದು ಕರೆಯೋಣ. ಪ್ರಾರಂಭದಲ್ಲಿ ಸ೦ ಸಾಲಿನಲ್ಲಿ ಎಲ್ಲರೂ ಬಲ್ಲ ಸ್ಥಿರಾಂಕವೂ, ಸ೧ ಮತ್ತು ಸ೨ ಸಾಲುಗಳಲ್ಲಿ ೧೨೮ ಬಿಟ್‌ಗಳ ಕೀಲಿಯೂ, ಸ೩ ಮತ್ತು ಸ೪ ಸಾಲುಗಳಲ್ಲಿ ನಾನ್ಸ್ ಎಂಬ ೧೨೮ ಬಿಟ್‌ಗಳ ಏಕಪ್ರಯೋಗ ಸಂಖ್ಯೆಯೂ ಇರುತ್ತವೆ. ನಾನ್ಸ್ ಗುಟ್ಟಾದುದಲ್ಲ, ಆದರೆ ಒಂದೇ ಕೀಲಿಯೊಡನೆ ಒಂದು ನಾನ್ಸನ್ನು ಎರಡನೆಯ ಬಾರಿ ಉಪಯೋಗಿಸಕೂಡದು.

ಒಂದು ಸುತ್ತಿನಲ್ಲಿ ಮೂರು ಕೆಲಸಗಳುಂಟು. ಮೊದಲು ಸ೨ ಸಾಲಿಗೆ ಆಯಾ ಸುತ್ತಿನ ಸ್ಥಿರಾಂಕವನ್ನು ಕೂಡಬೇಕು. ಬಳಿಕ ಪ್ರತಿಯೊಂದು ಕಂಬಸಾಲಿನ ಐದು ಬಿಟ್‌ಗಳಿಗೆ ಬೇರೆ ಐದು ಬಿಟ್‌ಗಳನ್ನು ಆದೇಶಮಾಡಬೇಕು. ಕಡೆಯಲ್ಲಿ ಪ್ರತಿಯೊಂದು ಅಡ್ಡಸಾಲಿಗೂ ಅದರ ಎರಡು ಪ್ರದಕ್ಷಿಣ ರೂಪಗಳನ್ನು ಕೂಡಬೇಕು. ಉದಾಹರಣೆಗೆ, ಸ೦ ಸಾಲಿಗೆ ಅದನ್ನೇ ೧೯ ಮತ್ತು ೨೮ ಸ್ಥಾನಗಳಷ್ಟು ಬಲಕ್ಕೆ ತಿರುಗಿಸಿದ ರೂಪಗಳನ್ನು ಕೂಡಲಾಗುತ್ತದೆ. ಒಂದನೆಯ ಮತ್ತು ಮೂರನೆಯ ಕೆಲಸಗಳಲ್ಲಿ ಸಂಕಲನದ ಹೊರತು ಬೇರೇನೂ ಇಲ್ಲ. ಅವುಗಳಿಂದ ಘಾತವು ಏರುವುದಿಲ್ಲ. ಗುಣಾಕಾರವು ಬರುವುದು ಆದೇಶದಲ್ಲಿ ಮಾತ್ರ. ಅಲ್ಲಿಯೂ ಎರಡೆರಡು ಬಿಟ್‌ಗಳ ಗುಣಲಬ್ಧಕ್ಕಿಂತ ದೊಡ್ಡ ಪದವಿಲ್ಲ. ಆದೇಶದಿಂದ ಹುಟ್ಟುವ ಐದು ಬಿಟ್‌ಗಳಲ್ಲಿ ಎರಡನ್ನು ಬರೆದು ತೋರಿಸೋಣ:

ಹೊಸ ಸ೧ = ಸ೪ + ಸ೩ಸ೨ + ಸ೩ಸ೧ + ಸ೩ + ಸ೨ಸ೧ + ಸ೨ + ಸ೧ + ಸ೦

ಹೊಸ ಸ೨ = ಸ೪ಸ೩ + ಸ೪ + ಸ೨ + ಸ೧ + ೧

ಇಂಥ ಸುತ್ತುಗಳನ್ನು ಹನ್ನೆರಡು ಬಾರಿ ನಡೆಸಿ, ಕೀಲಿಯನ್ನು ಮತ್ತೊಮ್ಮೆ ಕೂಡಿದರೆ ಪೀಠಿಕಾಕ್ರಿಯೆ ಮುಗಿಯುತ್ತದೆ. ಅನಂತರ ಮಾನಕರೂಪದಲ್ಲಿ ಸಂದೇಶವನ್ನು ೧೨೮ ಬಿಟ್‌ಗಳ ತುಂಡುಗಳಾಗಿ ಮೊದಲ ಎರಡು ಸಾಲುಗಳಿಗೆ ಕೂಡುತ್ತ, ತುಂಡು ತುಂಡಿನ ನಡುವೆ ಎಂಟು ಸುತ್ತುಗಳನ್ನು ನಡೆಸುತ್ತಾರೆ. ಕೊನೆಗೆ ಮತ್ತೆ ಕೀಲಿಯನ್ನು ಕೂಡಿ, ಹನ್ನೆರಡು ಸುತ್ತು ನಡೆಸಿ, ಸಂದೇಶವು ಕಲುಷಿತವಾಗಿಲ್ಲವೆಂದು ಸಾಕ್ಷಿ ಹೇಳುವ ೧೨೮ ಬಿಟ್‌ಗಳ ಮುದ್ರೆಯನ್ನು ಪಡೆಯುತ್ತಾರೆ.

೪. ನೇರವಾಗಿ ಬಿಡಿಸುವ ಪ್ರಯತ್ನ

ಒಂದು ಸುತ್ತಿನ ಘಾತ ೨. ಎರಡನೆಯ ಸುತ್ತಿನಲ್ಲಿ ಘಾತ ೨ರ ಉಕ್ತಿಗಳು ಪರಸ್ಪರ ಗುಣಿಸಲ್ಪಡುವುದರಿಂದ ಘಾತ ಹೆಚ್ಚೆಂದರೆ ೪, ಮೂರನೆಯದರಲ್ಲಿ ೮. ಹೀಗೆ ಪ್ರತಿ ಸುತ್ತಿನಲ್ಲಿಯೂ ಘಾತದ ಮೇರೆಯು ಇಮ್ಮಡಿಯಾಗುತ್ತದೆ.

ಇಂಥ ಸಮೀಕರಣಗಳನ್ನು ಬಿಡಿಸಲು ಅತ್ಯಂತ ಸರಳವಾದ ಉಪಾಯವೆಂದರೆ ಪ್ರತಿಯೊಂದು ಗುಣಲಬ್ಧವನ್ನೂ ಒಂದು ಹೊಸ ಅವ್ಯಕ್ತವೆಂದು ಎಣಿಸಿ, ಎಲ್ಲವನ್ನೂ ಏಕಘಾತ ಸಮೀಕರಣಗಳನ್ನಾಗಿ ಮಾಡುವುದು. ಆಮೇಲೆ ಶಾಲೆಯಲ್ಲಿ ಕಲಿತ ನಿರಸನಕ್ರಮವೇ ಸಾಕು. ಆದರೆ ಅವ್ಯಕ್ತಗಳಷ್ಟೇ ಸಮೀಕರಣಗಳೂ ಬೇಕಲ್ಲವೆ? ಕೀಲಿಯ ೧೨೮ ಬಿಟ್‌ಗಳಿಂದ ಎರಡೆರಡರ ಗುಣಲಬ್ಧಗಳು ೮,೧೨೮ ಆಗುತ್ತವೆ. ನಾಲ್ಕು ನಾಲ್ಕರ ಗುಣಲಬ್ಧಗಳು ೧,೦೬,೬೮,೦೦೦. ಎಂಟೆಂಟರವು ಸುಮಾರು ೧.೪೩ ಲಕ್ಷ ಕೋಟಿ. ಮೂರು ಸುತ್ತುಗಳಾಗುವಷ್ಟರಲ್ಲಿಯೇ ಸಂಖ್ಯೆಯು ಹೀಗೆ ಬೆಳೆದರೆ ಹನ್ನೆರಡು ಸುತ್ತುಗಳ ಮಾತನ್ನು ಹೇಳಬೇಕಾದುದಿಲ್ಲ. ಬ್ರೂನೊ ಬುಖ್‌ಬರ್ಗರರು ೧೯೬೫ರಲ್ಲಿ ನಿರೂಪಿಸಿದ ಗ್ರೋಬ್ನರ್ ಆಧಾರಗಳ ಕ್ರಮವೂ, ಅದನ್ನು ತ್ವರೆಗೊಳಿಸಿದ ಜಾನ್-ಶಾರ್ಲ್ ಫೋಜೇರರ ೧೯೯೯ರ ಮತ್ತು ೨೦೦೨ರ ಕ್ರಮಗಳೂ ಇದಕ್ಕಿಂತ ಚತುರವಾದವು. ಆದರೂ ಘಾತವು ಏರಿದಂತೆ ಅವುಗಳ ಶ್ರಮವೂ ಬಹುವೇಗವಾಗಿ ಏರುತ್ತದೆ. ಆದ್ದರಿಂದ ಪೂರ್ಣ ಬಹುಪದೋಕ್ತಿಯನ್ನು ಬರೆಯದೆಯೇ ಅದರಿಂದ ಲಾಭವನ್ನು ಪಡೆಯುವ ಬೇರೊಂದು ಮಾರ್ಗ ಬೇಕಾಯಿತು.

೫. ಘನಾಕೃತಿ ವಿಧಾನ

ಈ ಮಾರ್ಗದ ಬೀಜವು ಉಚ್ಚತರ ಅವಕಲನದಲ್ಲಿದೆ. ಘಾತ ಮೂರರ ಬಹುಪದೋಕ್ತಿಯನ್ನು ನಾಲ್ಕು ಬಾರಿ ಅವಕಲನ ಮಾಡಿದರೆ ಶೂನ್ಯವೇ ಉಳಿಯುವುದೆಂದು ಕಲನಶಾಸ್ತ್ರದಲ್ಲಿ ಓದಿದ್ದೇವೆ. ಎರಡೇ ಅಂಕಿಗಳ ಬೀಜಗಣಿತದಲ್ಲಿಯೂ ಇದಕ್ಕೆ ಸಮಾನವಾದ ಸಂಗತಿಯುಂಟೆಂದು ೧೯೯೪ರಲ್ಲಿ ಶುವೇಜಿಯಾ ಲಾಯ್ ಅವರು ತೋರಿಸಿದರು. ಇದೇ ತತ್ತ್ವವನ್ನು ಬಳಸಿ ಇಟೈ ದಿನೂರ್ ಮತ್ತು ಆದಿ ಶಮೀರ್ ಅವರು ೨೦೦೯ರಲ್ಲಿ ಘನಾಕೃತಿ ವಿಧಾನವನ್ನು ಪ್ರಕಟಿಸಿದರು. ಅದಕ್ಕೆ ತೀರ ಹತ್ತಿರವಾದ ವಿಧಾನವೊಂದನ್ನು ಮಿಖಾಯೆಲ್ ವೀಲ್ಹಾಬರರು ೨೦೦೭ರಲ್ಲಿಯೇ ಮಂಡಿಸಿದ್ದರು.

ಒಂದು ಸಣ್ಣ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸೋಣ. ಚ೧, ಚ೨ ಎಂಬುವು ನಾವು ಇಷ್ಟಬಂದಂತೆ ಇಡಬಹುದಾದ ಬಹಿರಂಗ ಬಿಟ್‌ಗಳು. ಕ೧, ಕ೨, ಕ೩ ಎಂಬುವು ಕೀಲಿಯ ಬಿಟ್‌ಗಳು. ಲಿಪಿಯ ಒಂದು ಫಲಿತಬಿಟ್ಟು ಹೀಗಿರಲಿ:

ಫ = ಚ೧ಚ೨ಕ೧ + ಚ೧ಚ೨ಕ೨ + ಚ೧ಚ೨ + ಚ೧ಕ೩ + ಚ೨ಕ೧ಕ೨ + ಕ೧ಕ೩

ಚ೧, ಚ೨ಗಳಿಗೆ ೦೦, ೧೦, ೦೧, ೧೧ ಎಂಬ ನಾಲ್ಕು ಬೆಲೆಗಳನ್ನೂ ಕೊಟ್ಟು, ಬಂದ ನಾಲ್ಕು ಫಲಿತಗಳನ್ನು ಕೂಡಿದರೆ ಏನಾಗುತ್ತದೆ? ಕ೧ಕ೩ ಎಂಬ ಪದವು ನಾಲ್ಕು ಬಾರಿಯೂ ಬರುವುದರಿಂದ ಅಳಿದುಹೋಗುತ್ತದೆ. ಚ೧ಕ೩ ಎಂಬುದು ಚ೧ = ೧ ಆದಾಗ ಮಾತ್ರ, ಎಂದರೆ ಎರಡು ಬಾರಿ, ಬಂದು ಅದೂ ಅಳಿಯುತ್ತದೆ. ಚ೨ಕ೧ಕ೨ ಎಂಬುದರ ಗತಿಯೂ ಇದೇ. ಚ೧, ಚ೨ ಇವೆರಡೂ ಸೇರಿರುವ ಪದಗಳು ಮಾತ್ರ ಒಂದೇ ಸಲ ಬಂದು ಉಳಿಯುತ್ತವೆ. ಆದ್ದರಿಂದ ಮೊತ್ತವು ಕ೧ + ಕ೨ + ೧. ನೋಡಿರಿ: ಮೂರು ಘಾತದ ಉಕ್ತಿಯಿಂದ ಕೀಲಿಯ ಒಂದು ಏಕಘಾತ ಸಮೀಕರಣವು ಕೈಗೆ ಬಂದಿತು. ಭೇದಕನು ಫ ಎಂಬುದನ್ನು ಬರೆದುಕೊಂಡಿರಬೇಕಾದ ಅವಶ್ಯಕತೆಯೂ ಇರಲಿಲ್ಲ. ನಾಲ್ಕು ಫಲಿತಗಳು ಅವನ ಕಣ್ಣಿಗೆ ಬಿದ್ದಿದ್ದರೆ ಸಾಕು.

ಎರಡು ಚರಗಳಿಗೆ ಚೌಕದ ನಾಲ್ಕು ಮೂಲೆಗಳು, ಮೂರಕ್ಕೆ ಘನಾಕೃತಿಯ ಎಂಟು ಮೂಲೆಗಳು. ಚರಗಳು ಹೆಚ್ಚಿದಂತೆ ಮೂಲೆಗಳು ಇಮ್ಮಡಿಸುತ್ತವೆ. ವಿಧಾನದ ಹೆಸರು ಬಂದುದು ಇದರಿಂದಲೇ. ನಿಯಮವನ್ನು ಹೀಗೆ ಹೇಳಬಹುದು: ಚರಗಳ ಸಂಖ್ಯೆಯು ಘಾತಕ್ಕಿಂತ ಹೆಚ್ಚಾಗಿದ್ದರೆ ಮೊತ್ತವು ತಪ್ಪದೆ ಶೂನ್ಯ, ಘಾತಕ್ಕೆ ಸಮನಾಗಿದ್ದರೆ ಮೊತ್ತವು ಆ ಚರಗಳ ಗುಣಲಬ್ಧದ ಸಹಗುಣಕ. ಇಲ್ಲಿ ಘಾತವೆಂದರೆ ಚರಗಳಲ್ಲಿನ ಘಾತವೆಂದು ತಿಳಿಯತಕ್ಕದ್ದು.

೬. ಆಸ್ಕಾನಿಗೆ ಅನ್ವಯ

ಈಗ ಮೂರನೆಯ ಭಾಗದಲ್ಲಿ ಬರೆದ ಎರಡು ಸಮೀಕರಣಗಳಿಗೆ ಹಿಂದಿರುಗೋಣ. ಆದೇಶದ ಐದು ಉಕ್ತಿಗಳನ್ನೂ ಪರಿಶೀಲಿಸಿದರೆ ಸ೪ಸ೩ ಎಂಬ ಗುಣಲಬ್ಧವು ಎರಡನೆಯದರಲ್ಲಲ್ಲದೆ ಬೇರೆಲ್ಲಿಯೂ ಇಲ್ಲ. ನಾನ್ಸಿನ ಸ೪ ಸಾಲನ್ನು ಸ್ಥಿರವಾಗಿ ಹಿಡಿದು, ಸ೩ ಸಾಲಿನ ೬೪ ಬಿಟ್‌ಗಳನ್ನು ಮಾತ್ರ ಚರಗಳನ್ನಾಗಿ ಆರಿಸಿಕೊಂಡರೆ, ಮೊದಲನೆಯ ಸುತ್ತಿನಲ್ಲಿ ಎರಡು ಚರಗಳು ಪರಸ್ಪರ ಗುಣಿಸಲ್ಪಡುವ ಸಂದರ್ಭವೇ ಬರುವುದಿಲ್ಲ. ಹಾಗಾಗಿ ಒಂದು ಸುತ್ತಿನ ಕೊನೆಗೆ ಘಾತ ೨ರ ಬದಲು ೧ ಮಾತ್ರ. ಭೇದಕನಿಗೆ ಒಂದು ಸುತ್ತು ಪುಕ್ಕಟೆಯಾಗಿ ದೊರೆತಂತಾಯಿತು. ಐದು ಸುತ್ತಿಗೆ ಘಾತ ೧೬, ಆರಕ್ಕೆ ೩೨, ಏಳಕ್ಕೆ ೬೪, ಇದಕ್ಕಿಂತ ಹೆಚ್ಚಾಗಲಾರದು.

ಪೀಠಿಕಾಕ್ರಿಯೆಯನ್ನು ಆರೇ ಸುತ್ತಿಗೆ ನಿಲ್ಲಿಸಿದ್ದರೆ ಯಾವುದಾದರೂ ೩೩ ಚರಗಳನ್ನು ತೆಗೆದುಕೊಂಡು, ೨^೩೩ ನಾನ್ಸುಗಳಿಗೆ, ಎಂದರೆ ಸುಮಾರು ೮೫೯ ಕೋಟಿ ನಾನ್ಸುಗಳಿಗೆ, ಬಂದ ಫಲಿತಗಳನ್ನು ಕೂಡಿದರೆ ಕೀಲಿ ಯಾವುದೇ ಆಗಿದ್ದರೂ ಶೂನ್ಯ ಬರುತ್ತದೆ. ಯದೃಚ್ಛೆಯಾದ ಲಿಪಿಯಲ್ಲಿ ಹೀಗಾಗುವಂತಿಲ್ಲ. ಈ ಲೆಕ್ಕವು ಒಂದು ಸಾಧಾರಣ ಗಣಕಕ್ಕೂ ಅಸಾಧ್ಯವಾದುದಲ್ಲ. ಆರು ಸುತ್ತುಗಳು ಸಾಲವೆಂಬುದಕ್ಕೆ ಇದೊಂದೇ ಸಾಕ್ಷ್ಯ ಸಾಕು.

ಏಳು ಸುತ್ತುಗಳ ಸಂಗತಿ ಇನ್ನೂ ಸ್ವಾರಸ್ಯವಾದುದು. ಅಲ್ಲಿ ೬೪ ಚರಗಳನ್ನೂ ಉಪಯೋಗಿಸಿ ಮೊತ್ತವನ್ನು ತೆಗೆದರೆ ಕೀಲಿಯ ಒಂದು ಬಹುಪದೋಕ್ತಿ ಉಳಿಯುತ್ತದೆ. ಅದರಲ್ಲಿ ಕೀಲಿಯ ಎಷ್ಟು ಬಿಟ್‌ಗಳು ಭಾಗವಹಿಸುತ್ತವೆ? ಗುಣಾಕಾರದಲ್ಲಿ ಅತ್ಯುಚ್ಚ ಘಾತದ ಪದಗಳು ಹುಟ್ಟುವುದು ಗುಣ್ಯ ಗುಣಕಗಳ ಅತ್ಯುಚ್ಚ ಘಾತದ ಪದಗಳಿಂದಲೇ. ಆದ್ದರಿಂದ ಆರು ಸುತ್ತುಗಳಷ್ಟು ಹಿಂದಕ್ಕೆ ನಡೆದರೆ, ಮೊದಲನೆಯ ಸುತ್ತಿನ ಕೊನೆಯಲ್ಲಿ ಚರಗಳಿಗೆ ಇರುವ ಸಹಗುಣಕಗಳು ಮಾತ್ರ ಈ ಮೊತ್ತವನ್ನು ನಿರ್ಧರಿಸುತ್ತವೆ. ಆ ಸಹಗುಣಕಗಳಲ್ಲಿ ಕೀಲಿಯು ಕಾಣಿಸುವುದು ಹೊಸ ಸ೧ ಸಾಲಿನಲ್ಲಿ ಮಾತ್ರ. ಅಲ್ಲಿ ಸ೩ರ ಸಹಗುಣಕವು ಸ೧ + ಸ೨ + ೧. ಎಂದರೆ, ಕೀಲಿಯ ೧೨೮ ಬಿಟ್‌ಗಳು ಬೇರೆ ಬೇರೆಯಾಗಿ ಬರದೆ, ಒಂದೊಂದು ಕಂಬಸಾಲಿನ ಎರಡೆರಡು ಬಿಟ್‌ಗಳ ಮೊತ್ತವಾಗಿ ಬರುತ್ತವೆ. ಅವ್ಯಕ್ತಗಳು ೧೨೮ರಿಂದ ೬೪ಕ್ಕೆ ಇಳಿದವು.

ರಾಘವೇಂದ್ರ ರೋಹಿತ್, ಕಾಯ್ ಹೂ, ಸುಮಂತ ಸರ್ಕಾರ್, ಸಿವೈ ಸುನ್ ಇವರು ೨೦೨೧ರಲ್ಲಿ ಪ್ರಕಟಿಸಿದ ಸಂಶೋಧನೆಯು ೬೪ ಚರಗಳ ಇಂಥ ಘನಾಕೃತಿಯನ್ನೇ ಅವಲಂಬಿಸಿ, ಏಳು ಸುತ್ತಿನ ಆಸ್ಕಾನಿನ ಕೀಲಿಯನ್ನು ಕಂಡುಹಿಡಿಯುವ ಕ್ರಮವನ್ನು ಕೊಟ್ಟಿತು. ಬೇಕಾದ ಫಲಿತಗಳು ೨^೬೪. ಇದು ರಚನಕಾರರು ಒಂದು ಕೀಲಿಗೆ ವಿಧಿಸಿದ್ದ ಮಿತಿಯೊಳಗೇ ಇದೆ. ನಾನ್ಸಿನ ನಿಯಮವನ್ನೂ ಅದು ಮುರಿಯುವುದಿಲ್ಲ. ಆದರೆ ಶ್ರಮವು ೨^೧೨೩ ಗಣನೆಗಳು, ಸ್ಮೃತಿಯು ೨^೧೦೧ ಬಿಟ್‌ಗಳು. ಎಲ್ಲ ಕೀಲಿಗಳನ್ನೂ ಒಂದೊಂದಾಗಿ ಪ್ರಯೋಗಿಸುವ ೨^೧೨೮ರ ಶ್ರಮಕ್ಕೆ ಹೋಲಿಸಿದರೆ ಲಾಭವು ೩೨ ಮಡಿ ಮಾತ್ರ. ಸೆಕೆಂಡಿಗೆ ನೂರು ಕೋಟಿಯಂತೆ ಫಲಿತಗಳನ್ನು ಸಂಗ್ರಹಿಸಿದರೂ ೨^೬೪ಕ್ಕೆ ೫೮೦ ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಇದು ವ್ಯವಹಾರದಲ್ಲಿ ಅಪಾಯವಲ್ಲ. ಸಿದ್ಧಾಂತದಲ್ಲಿ ಎಲ್ಲೆಯ ಗುರುತು.

ಎಂಟನೆಯ ಸುತ್ತಿನಲ್ಲಿ ಘಾತದ ಮೇರೆ ೧೨೮ಕ್ಕೆ ಏರುತ್ತದೆ; ಸ೩ ಸಾಲಿನಲ್ಲಿ ಇರುವ ಚರಗಳಾದರೋ ೬೪ ಮಾತ್ರ. ಮೇಲಿನ ಯುಕ್ತಿವಾದವು ಅಲ್ಲಿಗೆ ನಿಂತುಹೋಗುತ್ತದೆ. ಮಾನಕದ ಹನ್ನೆರಡು ಸುತ್ತುಗಳಿಗೂ ಈ ಏಳಕ್ಕೂ ನಡುವೆ ಇರುವ ಐದು ಸುತ್ತುಗಳೇ ಆಸ್ಕಾನಿನ ಭದ್ರತೆಯ ಅಂತರ.

೭. ನಿಯಮ ತಪ್ಪಿದಾಗ

ನಾನ್ಸನ್ನು ಮತ್ತೆ ಬಳಸಕೂಡದೆಂಬ ನಿಯಮವು ಬರಿಯ ಔಪಚಾರಿಕವೆಂದು ತಿಳಿಯಬಾರದು. ಆಸ್ಕಾನಿನ ಹಿಂದಿನ ರೂಪಗಳಲ್ಲಿ ಒಂದಾದ ಆಸ್ಕಾನ್-೧೨೮ರಲ್ಲಿ ಸಂದೇಶದ ತುಂಡುಗಳ ನಡುವೆ ನಡೆಯುತ್ತಿದ್ದುದು ಆರು ಸುತ್ತು. ಒಂದೇ ನಾನ್ಸನ್ನು ಪುನಃಪುನಃ ಬಳಸಿದಲ್ಲಿ ಭೇದಕನು ಸಂದೇಶದ ಬಿಟ್‌ಗಳನ್ನೇ ಚರಗಳನ್ನಾಗಿ ಮಾಡಿಕೊಳ್ಳಬಹುದು. ಆಗ ಸುಮಾರು ೨^೪೦ ಗಣನೆಗಳಲ್ಲಿ ಒಳಗಿನ ೩೨೦ ಬಿಟ್‌ಗಳ ಸ್ಥಿತಿಯೆಲ್ಲ ಬಯಲಾಗುವುದೆಂದು ಜೂಲ್ ಬೋದ್ರಾಂ, ಆನ್ ಕಾಂತೋ, ಲೆಯೋ ಪೆರಾಂ ಇವರು ೨೦೨೨ರಲ್ಲಿ ತೋರಿಸಿದರು. ಸೆಕೆಂಡಿಗೆ ನೂರು ಕೋಟಿಯ ವೇಗದಲ್ಲಿ ಇದು ಇಪ್ಪತ್ತು ನಿಮಿಷಗಳೊಳಗಿನ ಕೆಲಸ. ೫೮೦ ವರ್ಷಗಳೆಲ್ಲಿ, ಇಪ್ಪತ್ತು ನಿಮಿಷಗಳೆಲ್ಲಿ! ಆದರೂ ಪೀಠಿಕೆಯ ಕೊನೆಯಲ್ಲಿಯೂ ಸಮಾಪ್ತಿಯ ಮೊದಲಲ್ಲಿಯೂ ಕೀಲಿಯನ್ನು ಮತ್ತೆ ಕೂಡಿರುವುದರಿಂದ, ಸ್ಥಿತಿ ತಿಳಿದ ಮಾತ್ರಕ್ಕೆ ಕೀಲಿ ಕೈಗೆ ಬರುವುದಿಲ್ಲ. ಇಂಥ ದುರ್ಬಳಕೆಯಲ್ಲಿ ರಕ್ಷಣೆಯುಂಟೆಂದು ರಚನಕಾರರು ಹೇಳಿರಲೂ ಇಲ್ಲ. ಸಾಧನವನ್ನು ತಯಾರಿಸುವವರು ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ವಿದ್ಯುತ್ತು ನಿಂತು ಮತ್ತೆ ಬಂದಾಗ ಎಣಿಕೆಯನ್ನು ಮರೆತು ಹಳೆಯ ನಾನ್ಸಿನಿಂದಲೇ ಆರಂಭಿಸುವ ಮೀಟರು, ಎಷ್ಟೇ ಉತ್ತಮವಾದ ಲಿಪಿಯನ್ನು ಹೊಂದಿದ್ದರೂ, ತನ್ನ ಬಾಗಿಲನ್ನು ತಾನೇ ತೆರೆದಿಟ್ಟಂತೆ.

೮. ಉಪಸಂಹಾರ

ಮೇಲಿನ ವಿವೇಚನೆಯಲ್ಲಿ ಒಂದು ಮಾತನ್ನು ವಿದ್ಯಾರ್ಥಿಗಳು ಮರೆಯಬಾರದು. ಘಾತವು ಇಮ್ಮಡಿಸುತ್ತದೆಂಬುದು ಮೇಲಿನ ಮೇರೆ ಮಾತ್ರ. ಅದು ನಿಜವಾಗಿಯೂ ಅಷ್ಟಕ್ಕೆ ಏರುವುದೆಂಬುದಕ್ಕೆ ಅದರಿಂದ ಪ್ರಮಾಣವಿಲ್ಲ. ಮೇರೆಯು ಭೇದಕನಿಗೆ ಆಶ್ವಾಸನೆ ಕೊಡುತ್ತದೆ, ರಚನಕಾರನಿಗೆ ಕೊಡುವುದಿಲ್ಲ. ೧೯೯೫ರಲ್ಲಿ ರಚಿತವಾದ ಮಿಸ್ಟಿ-೧ ಎಂಬ ಲಿಪಿಯು ಅಂತರರಾಷ್ಟ್ರೀಯ ಮಾನಕಗಳಲ್ಲಿ ಸ್ಥಾನ ಪಡೆದು ಎರಡು ದಶಕಗಳ ಕಾಲ ನಿಂತಿತ್ತು. ಯೊಸುಕೆ ತೊದೊ ಅವರು ೨೦೧೫ರಲ್ಲಿ ಘಾತವನ್ನು ಇನ್ನೂ ಸೂಕ್ಷ್ಮವಾಗಿ ಅಳೆಯುವ ಸಾಧನವೊಂದನ್ನು ನಿರ್ಮಿಸಿ, ಅದರ ಆರು ಸುತ್ತುಗಳನ್ನು ದಾಟುವ ಮೊತ್ತವನ್ನು ಕಂಡುಹಿಡಿದು, ಅದರ ಬಲದಿಂದ ಎಂಟು ಸುತ್ತುಗಳ ಪೂರ್ಣ ಲಿಪಿಯನ್ನೂ ಭೇದಿಸಿದರು. ಆ ಭೇದನಕ್ಕೂ ೨^೧೨೧ ಗಣನೆಗಳು ಬೇಕು. ವ್ಯವಹಾರದಲ್ಲಿ ಅದು ನಡೆಯುವಂಥದಲ್ಲ. ಆದರೆ ಲಿಪಿಯಲ್ಲಿ ಅಂತರವೆಂಬುದು ಉಳಿಯಲಿಲ್ಲ. ಲಿಪಿಯು ಬದಲಾಗಿರಲಿಲ್ಲ, ಅಳೆಯುವ ಕೋಲು ಮಾತ್ರ ಸೂಕ್ಷ್ಮವಾಗಿತ್ತು.

ಆದಕಾರಣ ಹಗುರ ಲಿಪಿಯಲ್ಲಿ ‘ಹೆಚ್ಚಾಗಿ’ ಇರುವಂತೆ ತೋರುವ ಸುತ್ತುಗಳನ್ನು ದುಂದುವೆಚ್ಚವೆಂದು ಭಾವಿಸುವುದು ಸರಿಯಲ್ಲ. ಇಂದಿನ ಗಣಿತವು ಏಳನ್ನು ಮುಟ್ಟಿದೆ. ನಾಳಿನ ಗಣಿತವು ಎಷ್ಟನ್ನು ಮುಟ್ಟುವುದೆಂಬ ಅಜ್ಞಾತಕ್ಕೆ ತೆತ್ತ ವಿಮೆಯ ಕಂತು ಆ ಐದು ಸುತ್ತುಗಳು. ಆ ಕಂತು ಅತಿಯಾಯಿತೋ ಸಾಲದಾಯಿತೋ ಎಂಬುದನ್ನು ನಿರ್ಣಯಿಸಲು ಘಾತದ ಕೆಳಗಿನ ಮೇರೆಯನ್ನು ಸಾಧಿಸತಕ್ಕ ಪ್ರಮೇಯಗಳು ಬೇಕು. ಈ ಕ್ಷೇತ್ರವು ವಿಶೇಷ ಸಲಕರಣೆಗಳನ್ನು ಬೇಡುವುದಿಲ್ಲ. ಮಾನಕವು ಪ್ರಕಟವಾಗಿದೆ, ನಿಯಮಗಳು ಒಂದು ಹಾಳೆಯಲ್ಲಿ ಹಿಡಿಯುತ್ತವೆ. ಎರಡು ಮೂರು ಸುತ್ತಿನ ಆಸ್ಕಾನಿನ ಘಾತವನ್ನು ಯಾವ ಕಾಲೇಜಿನ ಗಣಕದಲ್ಲಿಯಾದರೂ ಲೆಕ್ಕಹಾಕಬಹುದು. ನಮ್ಮ ವಿದ್ಯಾರ್ಥಿಗಳು ಅಲ್ಲಿಂದ ಆರಂಭಿಸಬೇಕೆಂದು ನಮ್ಮ ಸೂಚನೆ.